ಹೃದಯ ವೈಫಲ್ಯಕ್ಕೆ 'ಎಲ್ಲ ಸೇರಿ ಒಂದೇ ಗುಳಿಗೆ': ಆಗುವುದೆಷ್ಟು, ಆಗದಿರುವುದೇಕೆ

ಕಳೆದ ಮಳೆಗಾಲದಲ್ಲಿ ಸಿರ್ಸಿ ಸಮೀಪದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮ ಆಸ್ಪತ್ರೆಯಿಂದ ಮನೆಗೆ ಮರಳಿದಾಗ ಅವರ ಕೈಯಲ್ಲಿ ಒಂದು ಚೀಟಿಯೂ ಚೀಲದ ತುಂಬ ಗುಳಿಗೆಗಳೂ ಇದ್ದವು. ಎಣಿಸಿದರೆ ದಿನಕ್ಕೆ 8. 'ಹೃದಯದ ಪಂಪಿಂಗ್ ಕಮ್ಮಿ ಇದೆ' ಎಂಬುದೊಂದು ಮಾತು ಅವರ ತಲೆಯಲ್ಲಿ ಉಳಿದಿತ್ತು, ಉಳಿದದ್ದೆಲ್ಲ ಆಸ್ಪತ್ರೆಯ ಗಡಿಬಿಡಿಯಲ್ಲಿ ಕಳೆದುಹೋಗಿತ್ತು. ಅವರು ಕೇಳಿದ ಮೊದಲ ಪ್ರಶ್ನೆ, "ಇಷ್ಟನ್ನೂ ಸೇರಿಸಿ ಒಂದೇ ಗುಳಿಗೆ ಮಾಡಿ ಕೊಡಲಿಕ್ಕೆ ಬರುವುದಿಲ್ಲವೇ?" ಎಂಬುದಾಗಿತ್ತು.

ಕಾರವಾರದಿಂದ ಭಟ್ಕಳದವರೆಗೆ ಯಾವ ಔಷಧ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೂ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಕಿವಿಗೆ ಬೀಳುತ್ತದೆ. ಪ್ರಶ್ನೆ ಸರಳವಾಗಿದೆ. ಉತ್ತರವನ್ನು ಮಾತ್ರ ರೋಗದಿಂದಲೇ ಆರಂಭಿಸಬೇಕಾಗುತ್ತದೆ.

ಹೃದಯ ನಿಂತಿಲ್ಲ, ಸೋತಿದೆ

'ಹಾರ್ಟ್ ಫೇಲ್' ಎಂಬ ಮಾತು ಕೇಳಿದೊಡನೆ ಮನೆಯವರು ಎದೆ ಒಡೆದುಕೊಳ್ಳುವುದುಂಟು. ಆದರೆ ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ಸಲೀಸಾಗಿ ತಳ್ಳಲು ಅದಕ್ಕೆ ಸಾಧ್ಯವಾಗದಿರುವುದು. ಬೇಸಿಗೆಯಲ್ಲಿ ಕರೆಂಟಿನ ವೋಲ್ಟೇಜ್ ಬಿದ್ದಾಗ ತೋಟದ ಪಂಪ್‌ಸೆಟ್ ಓಡುತ್ತಲೇ ಇರುತ್ತದೆ, ಆದರೆ ಕೊನೆಯ ಸಾಲಿನ ಅಡಿಕೆ ಮರದ ಬುಡಕ್ಕೆ ನೀರು ತಲುಪುವುದಿಲ್ಲ. ಹೆಚ್ಚುಕಡಿಮೆ ಅದೇ ಸ್ಥಿತಿ ಇದು.

ಹೃದಯದ ಎಡ ಕೆಳಕೋಣೆಯಲ್ಲಿ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡ ಎಷ್ಟು ಹೊರಬರುತ್ತದೆ ಎಂಬುದನ್ನು ಎಕೋ ಪರೀಕ್ಷೆಯಲ್ಲಿ ಅಳೆಯುತ್ತಾರೆ. ವರದಿಯಲ್ಲಿ 'ಇಎಫ್' ಎಂದು ಬರೆದಿರುವುದು ಇದನ್ನೇ. ಆರೋಗ್ಯವಂತರಲ್ಲಿ ಇದು ಸುಮಾರು 55ರಿಂದ 70ರಷ್ಟಿರುತ್ತದೆ, 100 ಇರಬೇಕೆಂದು ಯಾರೂ ಗಾಬರಿಯಾಗಬೇಕಿಲ್ಲ. ಅದು 40 ಅಥವಾ ಅದಕ್ಕಿಂತ ಕೆಳಗಿಳಿದರೆ ಪಂಪಿಂಗ್ ಕುಗ್ಗಿದ ಹೃದಯ ವೈಫಲ್ಯ ಎನ್ನುತ್ತಾರೆ. ಇಎಫ್ ಸರಿಯಿದ್ದೂ ಹೃದಯದ ಗೋಡೆ ಬಿಗಿಯಾಗಿ ವೈಫಲ್ಯ ಬರುವ ಇನ್ನೊಂದು ಬಗೆಯೂ ಇದೆ. ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಮೊದಲ ಬಗೆಯನ್ನು ಕುರಿತು.

ರಕ್ತ ಸಾಲದೆಂದು ತಿಳಿದ ದೇಹ ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ಹೃದಯ ಬೇಗ ಬೇಗ ಬಡಿಯುವಂತೆ ಮಾಡುತ್ತದೆ, ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಉಪ್ಪನ್ನೂ ನೀರನ್ನೂ ಮೂತ್ರಕ್ಕೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಗಾಯವಾಗಿ ರಕ್ತ ಹರಿದು ಹೋದಾಗ ಜೀವ ಉಳಿಸುವ ಏರ್ಪಾಡು ಇದು. ಸೋತ ಹೃದಯದ ಮಟ್ಟಿಗೆ ಮಾತ್ರ ದಣಿದ ಎತ್ತಿಗೆ ಬಾರುಕೋಲಿನಿಂದ ಹೊಡೆದಂತಾಗುತ್ತದೆ. ಎತ್ತು ಎರಡು ಹೆಜ್ಜೆ ಮುಂದೆ ಹೋಗಿ ಇನ್ನಷ್ಟು ಕುಸಿಯುತ್ತದೆ. ಹಿಡಿದಿಟ್ಟ ನೀರು ಕಾಲಿಗೆ ಇಳಿದು ಬಾವು ಬರುತ್ತದೆ, ಶ್ವಾಸಕೋಶಕ್ಕೆ ಸೇರಿ ದಮ್ಮು ಹತ್ತುತ್ತದೆ, ರಾತ್ರಿ ಅಂಗಾತ ಮಲಗಲಾರದೆ ಗೋಡೆಗೆ ಒರಗಿ ಕುಳಿತುಕೊಳ್ಳುವಂತಾಗುತ್ತದೆ.

ನಾಲ್ಕು ಔಷಧ, ನಾಲ್ಕು ದಾರಿ

ಇಂದಿನ ಚಿಕಿತ್ಸೆಯ ಗುರಿ ಎತ್ತನ್ನು ಇನ್ನಷ್ಟು ಓಡಿಸುವುದಲ್ಲ, ಬಾರುಕೋಲನ್ನು ಕೈಯಿಂದ ಕಸಿದುಕೊಳ್ಳುವುದು. ಬಾರುಕೋಲು ಒಂದೇ ಅಲ್ಲದ ಕಾರಣ ಔಷಧಗಳೂ ಒಂದಕ್ಕಿಂತ ಹೆಚ್ಚು.

ಮೊದಲನೆಯದು ಬೀಟಾ ಬ್ಲಾಕರ್. ಮೆಟೊಪ್ರೊಲಾಲ್ ಸಕ್ಸಿನೇಟ್, ಬೈಸೊಪ್ರೊಲಾಲ್, ಕಾರ್ವೆಡಿಲಾಲ್ ಈ ಗುಂಪಿನವು, ಬಡಿತದ ಅವಸರವನ್ನು ತಗ್ಗಿಸುತ್ತವೆ. ಎರಡನೆಯದು ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್, ಉಪ್ಪು ನೀರನ್ನು ಹಿಡಿದಿಡುವ ಮತ್ತು ಹೃದಯದ ಸ್ನಾಯುವನ್ನು ನಾರುಗಟ್ಟಿಸುವ ಹಾರ್ಮೋನಿಗೆ ತಡೆ. ಮೂರನೆಯದು ಸಕುಬಿಟ್ರಿಲ್ ಮತ್ತು ವಾಲ್ಸಾರ್ಟನ್ ಸೇರಿದ ಗುಳಿಗೆ. ಹಳೆಯ ಔಷಧವಾದ ಎನಲಾಪ್ರಿಲ್‌ಗಿಂತ ಇದು ಮೇಲೆಂದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಭಾರತದಲ್ಲಿ 2023ರ ಆರಂಭದಿಂದ ಹಲವು ಕಂಪನಿಗಳು ಇದನ್ನು ತಯಾರಿಸತೊಡಗಿದ ಮೇಲೆ ಬೆಲೆಯೂ ಇಳಿಯಿತು. ನಾಲ್ಕನೆಯದು ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ಇವು ಹುಟ್ಟಿದ್ದು ಸಕ್ಕರೆ ಕಾಯಿಲೆಯ ಔಷಧಗಳಾಗಿ. ಸಕ್ಕರೆ ಕಾಯಿಲೆ ಇಲ್ಲದವರ ಹೃದಯಕ್ಕೂ ಉಪಯೋಗವಿದೆಯೆಂದು ಡಾಪಾಗ್ಲಿಫ್ಲೋಜಿನ್ ವಿಷಯದಲ್ಲಿ ಖಚಿತವಾದದ್ದು 2019ರಲ್ಲಿ. "ನನಗೆ ಸಕ್ಕರೆ ಇಲ್ಲ, ಸಕ್ಕರೆ ಗುಳಿಗೆ ಏಕೆ ಬರೆದರು?" ಎಂದು ಅದನ್ನು ಬದಿಗಿಟ್ಟವರನ್ನು ನಾನೇ ಕಂಡಿದ್ದೇನೆ.

ಇವುಗಳ ಜೊತೆಗೆ ಟಾರ್ಸೆಮೈಡ್ ಅಥವಾ ಫ್ಯೂರೊಸೆಮೈಡ್ ಇರುತ್ತದೆ. ಜನರ ಬಾಯಲ್ಲಿ ಇದು 'ನೀರಿನ ಗುಳಿಗೆ'. ತುಂಬಿಕೊಂಡ ನೀರನ್ನು ಮೂತ್ರದ ಮೂಲಕ ಹೊರಹಾಕಿ ತಕ್ಷಣ ಹಗುರಾಗಿಸುವುದು ಇದರ ಕೆಲಸ. ಆಯುಷ್ಯ ಹೆಚ್ಚಿಸುವ ಕೆಲಸ ಮೇಲಿನ ನಾಲ್ಕರದ್ದು, ಇಂದಿನ ರಾತ್ರಿ ನಿದ್ದೆ ಬರಿಸುವ ಕೆಲಸ ಇದರದ್ದು ಎಂದರೆ ತೀರ ತಪ್ಪಾಗದು. ಮೊದಲೇ ಹೃದಯಾಘಾತವಾಗಿದ್ದವರಿಗೆ ಆಸ್ಪಿರಿನ್, ಕೊಲೆಸ್ಟರಾಲ್ ಗುಳಿಗೆ, ಹೊಟ್ಟೆಯ ಉರಿಗೆ ಇನ್ನೊಂದು. ದೊಡ್ಡಮ್ಮನ 8 ಗುಳಿಗೆಗಳ ಲೆಕ್ಕ ತುಂಬಿದ್ದು ಹೀಗೆ.

ಕವಳದ ಬಟ್ಟಲು ಮತ್ತು ಕಟ್ಟಿದ ಬೀಡಾ

ಎರಡು ಅಥವಾ ಹೆಚ್ಚು ಔಷಧಗಳನ್ನು ಗೊತ್ತುಪಡಿಸಿದ ಪ್ರಮಾಣದಲ್ಲಿ ಬೆರೆಸಿ ಒಂದೇ ಗುಳಿಗೆಯಾಗಿ ಒತ್ತಿದರೆ ಅದು ಸಂಯುಕ್ತ ಗುಳಿಗೆ, ಅಂಗಡಿಯ ಭಾಷೆಯಲ್ಲಿ 'ಕಾಂಬಿನೇಶನ್'. ಮೂರು ನಾಲ್ಕು ಔಷಧ ಸೇರಿದ್ದನ್ನು 'ಪಾಲಿಪಿಲ್' ಎನ್ನುವ ರೂಢಿಯಿದೆ.

ನಮ್ಮ ಕಡೆಯವರಿಗೆ ಇದನ್ನು ಅರ್ಥಮಾಡಿಸಲು ಕವಳಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಹೊಳೆಯುವುದಿಲ್ಲ (ಹೃದಯದ ಲೇಖನದಲ್ಲಿ ಕವಳವೇ ಎಂದು ಹುಬ್ಬೇರಿಸಬೇಡಿ, ಇದು ಹೋಲಿಕೆ ಮಾತ್ರ, ಶಿಫಾರಸಲ್ಲ). ಜಗಲಿಯ ಮೇಲೆ ಕವಳದ ಬಟ್ಟಲಿಟ್ಟರೆ ಎಲೆ, ಅಡಿಕೆ, ಸುಣ್ಣ ಪ್ರತ್ಯೇಕವಾಗಿರುತ್ತವೆ. ಬಾಯಿ ಸುಟ್ಟವನು ಸುಣ್ಣ ಕಡಿಮೆ ಮಾಡುತ್ತಾನೆ, ಹಲ್ಲಿಲ್ಲದವರು ಅಡಿಕೆಯನ್ನು ಕುಟ್ಟಿಕೊಳ್ಳುತ್ತಾರೆ. ಪೇಟೆಯಲ್ಲಿ ಸಿಗುವ ಕಟ್ಟಿದ ಬೀಡಾ ಹಾಗಲ್ಲ. ಬಿಚ್ಚುವ, ಬೆರೆಸುವ ರಗಳೆಯಿಲ್ಲದೆ ಬಾಯಿಗೆ ಹಾಕಿಕೊಳ್ಳಬಹುದು. ಸುಣ್ಣ ಹೆಚ್ಚಾಯಿತೆಂದು ಅದರೊಳಗಿನಿಂದ ತೆಗೆಯಲಿಕ್ಕೆ ಮಾತ್ರ ಬಾರದು. ಸಂಯುಕ್ತ ಗುಳಿಗೆಯ ಅನುಕೂಲವೂ ತೊಡಕೂ ಈ ಒಂದೇ ಗುಣದಿಂದ ಹುಟ್ಟುತ್ತವೆ.

ಹೃದಯ ವೈಫಲ್ಯದ ಹಲವು ರೋಗಿಗಳು ತಮಗೆ ತಿಳಿಯದೆಯೇ ಒಂದೆರಡು ಸಂಯುಕ್ತ ಗುಳಿಗೆಗಳನ್ನು ಈಗಾಗಲೇ ನುಂಗುತ್ತಿರುತ್ತಾರೆ. ಸಕುಬಿಟ್ರಿಲ್-ವಾಲ್ಸಾರ್ಟನ್ ಹೆಸರೇ ಹೇಳುವಂತೆ ಜೋಡಿ. ಟಾರ್ಸೆಮೈಡ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಸೇರಿದ ಗುಳಿಗೆ, ಫ್ಯೂರೊಸೆಮೈಡ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಸೇರಿದ ಗುಳಿಗೆ ನಮ್ಮ ಅಂಗಡಿಗಳಲ್ಲಿ ವರ್ಷಗಳಿಂದ ಇವೆ.

ಒಂದೇ ಗುಳಿಗೆಯ ಕಲ್ಪನೆ ಹುಟ್ಟಿದ್ದು

ಹೃದಯಕ್ಕೆ ಬೇಕಾದ್ದೆಲ್ಲ ಒಂದೇ ಗುಳಿಗೆಯಲ್ಲಿ ಎಂಬ ಕಲ್ಪನೆಯನ್ನು ಬ್ರಿಟನ್ನಿನ ವಾಲ್ಡ್ ಮತ್ತು ಲಾ ಎಂಬ ಇಬ್ಬರು ವೈದ್ಯ ವಿಜ್ಞಾನಿಗಳು 2003ರಲ್ಲಿ ವಿವರವಾಗಿ ಮಂಡಿಸಿದರು. ನಮ್ಮ ದೇಶದಲ್ಲೂ ಇದರ ಪರೀಕ್ಷೆ ನಡೆಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ಮುಂದೆ ನಿಂತು ದೇಶದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಐದು ಔಷಧಗಳನ್ನು ಸೇರಿಸಿದರೂ ಅವು ಒಂದರ ಕೆಲಸವನ್ನೊಂದು ಕೆಡಿಸದೆ ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಇಳಿಸಬಲ್ಲವು ಎಂಬುದು ಅದರಿಂದ ತಿಳಿಯಿತು. 2022ರಲ್ಲಿ ಯುರೋಪಿನ ಅಧ್ಯಯನವೊಂದು ಇನ್ನೂ ಮುಂದಕ್ಕೆ ಹೋಯಿತು. ಹೃದಯಾಘಾತವಾದ ಸುಮಾರು 2,500 ಹಿರಿಯರಲ್ಲಿ ಆಸ್ಪಿರಿನ್, ರಾಮಿಪ್ರಿಲ್, ಅಟೊರ್ವಾಸ್ಟಾಟಿನ್ ಸೇರಿದ ಒಂದೇ ಗುಳಿಗೆ ಪಡೆದವರಲ್ಲಿ ಶೇ 9.5 ಮಂದಿಗೆ ಮತ್ತೆ ಗಂಭೀರ ತೊಂದರೆಯಾಯಿತು, ಎಂದಿನ ಚಿಕಿತ್ಸೆ ಪಡೆದವರಲ್ಲಿ ಆ ಪ್ರಮಾಣ ಶೇ 12.7 ಇತ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಇಂಥ ಗುಳಿಗೆಗಳನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇವೆಲ್ಲ ಹೃದಯಾಘಾತ ಬರದಂತೆ, ಅಥವಾ ಮರಳಿ ಬರದಂತೆ ತಡೆಯುವ ಗುಳಿಗೆಗಳ ಕಥೆ. ಹೃದಯ ವೈಫಲ್ಯದ ನಾಲ್ಕು ಔಷಧಗಳನ್ನು ಕುರಿತ ಕಥೆಯಲ್ಲ. ಪತ್ರಿಕೆಯಲ್ಲಿ 'ಹೃದಯಕ್ಕೆ ಒಂದೇ ಗುಳಿಗೆ' ಎಂಬ ತಲೆಬರಹ ನೋಡಿ ಚೀಟಿ ಹಿಡಿದು ಓಡುವ ಮೊದಲು ಈ ವ್ಯತ್ಯಾಸ ನೆನಪಿನಲ್ಲಿರಲಿ.

ಬೆರೆಸುವುದೆಂದರೆ ಒಳ್ಳೆಯದೇ ಎಂದೂ ಅಲ್ಲ. ಸಮರ್ಥನೆಯಿಲ್ಲದ ಬೆರಕೆಗಳೆಂದು ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ 344 ಸಂಯುಕ್ತ ಔಷಧಗಳನ್ನು ನಿಷೇಧಿಸಿತು. ವಿಷಯ ನ್ಯಾಯಾಲಯಗಳಿಗೆ ಹೋಗಿ ಮರುಪರಿಶೀಲನೆಯಾದ ಮೇಲೆ 2018ರ ಸೆಪ್ಟೆಂಬರ್‌ನಲ್ಲಿ 328 ಔಷಧಗಳ ಮೇಲೆ ಮತ್ತೆ ನಿಷೇಧ ಬಂತು.

ಹೃದಯ ವೈಫಲ್ಯದಲ್ಲಿ ಬೆರೆಸುವುದೇಕೆ ಕಷ್ಟ

ಮುಖ್ಯ ಕಾರಣ ಪ್ರಮಾಣ. ಈ ಔಷಧಗಳನ್ನು ಪೂರ್ಣ ಪ್ರಮಾಣದಲ್ಲಿ ಒಮ್ಮೆಲೇ ಕೊಡುವಂತಿಲ್ಲ. ಮೆಟೊಪ್ರೊಲಾಲ್ ಸಕ್ಸಿನೇಟನ್ನು 12.5 ಅಥವಾ 25 ಮಿಲಿಗ್ರಾಂನಿಂದ ಆರಂಭಿಸಿ, ದೇಹ ತಾಳಿಕೊಂಡರೆ ಕೆಲವು ವಾರಗಳಿಗೊಮ್ಮೆ ಇಮ್ಮಡಿಗೊಳಿಸುತ್ತ 200ರವರೆಗೆ ಏರಿಸುತ್ತಾರೆ. ಬೈಸೊಪ್ರೊಲಾಲ್ 1.25ರಿಂದ 10ಕ್ಕೆ ಹೋಗಬೇಕು. ಸಕುಬಿಟ್ರಿಲ್-ವಾಲ್ಸಾರ್ಟನ್ ನಮ್ಮಲ್ಲಿ 50, 100, 200 ಎಂಬ ಮೂರು ಮೆಟ್ಟಿಲಲ್ಲಿ ಸಿಗುತ್ತದೆ. ಎಲ್ಲರೂ ಒಂದೇ ವೇಗದಲ್ಲಿ ಮೆಟ್ಟಿಲು ಹತ್ತುವುದಿಲ್ಲ. ಒಬ್ಬರಿಗೆ ಬಿಪಿ ಇಳಿದು ತಲೆ ತಿರುಗುತ್ತದೆ, ಇನ್ನೊಬ್ಬರಿಗೆ ನಾಡಿ ನಿಧಾನವಾಗುತ್ತದೆ, ಮತ್ತೊಬ್ಬರ ಮೂತ್ರಪಿಂಡ ತಕರಾರು ತೆಗೆಯುತ್ತದೆ. ಒಂದನ್ನು ಏರಿಸಿ ಇನ್ನೊಂದನ್ನು ಇಳಿಸುವ ಈ ಕೆಲಸ ಕಟ್ಟಿದ ಬೀಡಾದಲ್ಲಿ ಆಗುವುದಲ್ಲ.

ಇದಕ್ಕೆ ವಿನಾಯಿತಿ ಡಾಪಾಗ್ಲಿಫ್ಲೋಜಿನ್ ಮತ್ತು ಎಂಪಾಗ್ಲಿಫ್ಲೋಜಿನ್. ಮೊದಲ ದಿನವೂ 10 ಮಿಲಿಗ್ರಾಂ, ಕೊನೆಯ ದಿನವೂ ಅಷ್ಟೇ. ಹಾಗಾಗಿ ಇನ್ನೊಂದರ ಜೊತೆ ಬೆರೆಯಲು ಅವು ಪ್ರಮಾಣದ ದೃಷ್ಟಿಯಿಂದ ಹೆಚ್ಚು ತಕ್ಕವು.

ಹೊತ್ತಿನ ತೊಡಕೂ ಇದೆ. ಸಕುಬಿಟ್ರಿಲ್-ವಾಲ್ಸಾರ್ಟನ್ ದಿನಕ್ಕೆ ಎರಡು ಸಲ ನುಂಗುವಂಥದ್ದು. ಮೆಟೊಪ್ರೊಲಾಲ್ ಸಕ್ಸಿನೇಟ್ ಇಡೀ ದಿನ ಸ್ವಲ್ಪ ಸ್ವಲ್ಪವೇ ಕರಗುವಂತೆ ತಯಾರಿಸಿದ, ಒಂದೇ ಸಲ ನುಂಗುವ ಗುಳಿಗೆ, ಅದನ್ನು ಅಗಿಯಲೂ ಪುಡಿ ಮಾಡಲೂ ಬಾರದು. ಇವೆರಡನ್ನೂ ಒಂದೇ ಕವಚದೊಳಗೆ ಕೂರಿಸುವುದು ಔಷಧ ತಯಾರಕರಿಗೂ ಸುಲಭವಲ್ಲ.

ಇನ್ನು ಕಾಯಿಲೆಯ ದಿನಗಳು. ವಾಂತಿಭೇದಿ ಹತ್ತಿ ಊಟ ಸೇರದಿದ್ದಾಗ, ದೀರ್ಘ ಉಪವಾಸದಲ್ಲಿ, ಶಸ್ತ್ರಚಿಕಿತ್ಸೆಗೆ ಮೂರ್ನಾಲ್ಕು ದಿನ ಮೊದಲು ಡಾಪಾಗ್ಲಿಫ್ಲೋಜಿನ್‌ನಂಥ ಔಷಧವನ್ನು ತಾತ್ಕಾಲಿಕವಾಗಿ ನಿಲ್ಲಿಸಲು ವೈದ್ಯರು ಹೇಳುತ್ತಾರೆ. ಸಿರ್ಸಿಯ ಏಕಾದಶಿಗೂ ಭಟ್ಕಳದ ರಂಜಾನಿಗೂ ಮೊದಲೇ ವೈದ್ಯರೊಡನೆ ಈ ಮಾತಾಡಿಕೊಳ್ಳುವುದು ಒಳ್ಳೆಯದು. ಎಲ್ಲವೂ ಒಂದರಲ್ಲೇ ಇದ್ದರೆ ಒಂದನ್ನು ನಿಲ್ಲಿಸಲು ಎಲ್ಲವನ್ನೂ ನಿಲ್ಲಿಸಬೇಕು, ಬೀಟಾ ಬ್ಲಾಕರನ್ನು ಹಾಗೆ ಹಠಾತ್ತನೆ ನಿಲ್ಲಿಸುವುದು ಅಪಾಯ.

ನುಂಗುವವರು ಏನೆನ್ನುತ್ತಾರೆ

ಸಂಯುಕ್ತ ಗುಳಿಗೆಗಳ ಬಗ್ಗೆ ರೋಗಿಗಳನ್ನೇ ಕೇಳಿದಾಗ ಹೊರಬರುವ ಮಾತುಗಳು ಬೇರೆ ದೇಶಗಳಲ್ಲೂ ನಮ್ಮಲ್ಲೂ ಬಹಳ ಬೇರೆಯಲ್ಲ: ಗುಳಿಗೆ ಕಡಿಮೆಯಾದರೆ ಸಂತೋಷ, ಆದರೆ ನನ್ನ ಪ್ರಮಾಣ ನನಗೆ ಸರಿಹೊಂದೀತೇ ಎಂಬ ಅಳುಕು.

ಬಯಸುವವರ ಕಾರಣಗಳು ಗಟ್ಟಿಯಾಗಿವೆ. ಮರೆವು ಮೊದಲನೆಯದು. ಬೆಳಿಗ್ಗೆ ಐದು, ರಾತ್ರಿ ಮೂರು ಎಂದಾಗ ಯಾವುದೋ ಒಂದು ತಪ್ಪಿಯೇ ತಪ್ಪುತ್ತದೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಇಬ್ಬರೇ ಮುದುಕರು ಎಂಬ ಸ್ಥಿತಿ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ, ಕಣ್ಣು ಮಂಜಾದವರಿಗೆ ಗುಳಿಗೆ ಪಟ್ಟಿಯ (ಸ್ಟ್ರಿಪ್) ಮೇಲಿನ ಸಣ್ಣ ಅಕ್ಷರ ಕಾಣುವುದಿಲ್ಲ. ಎಂಟು ಪಟ್ಟಿಗಳಲ್ಲಿ ಒಂದು ಮುಗಿದಾಗ ಅದೊಂದಕ್ಕಾಗಿ ಮಳೆಯಲ್ಲಿ ಪೇಟೆಗೆ ಇಳಿಯುವ ತಾಪತ್ರಯ ಬೇರೆ. ಇನ್ನೊಂದು ಮಾತನ್ನು ಜನ ಮೆಲ್ಲಗೆ ಹೇಳುತ್ತಾರೆ: ನೆಂಟರ ಮನೆಯಲ್ಲಿ ಎಲ್ಲರೆದುರು ಎಂಟು ಗುಳಿಗೆ ಬಿಚ್ಚಿಕೊಂಡು ಕುಳಿತರೆ ತಾನು ದೊಡ್ಡ ರೋಗಿ ಎಂದು ಸಾರಿದಂತಾಗುತ್ತದೆ.

ಹಿಂಜರಿಯುವವರ ಮಾತಿನಲ್ಲೂ ಹುರುಳಿದೆ. ವರ್ಷಗಟ್ಟಲೆ ನುಂಗಿದವರಿಗೆ ಗುಳಿಗೆಯ ಬಣ್ಣ, ಆಕಾರವೇ ಅದರ ಹೆಸರು. 'ಬಿಳಿ ಉದ್ದದ್ದು ಉಸಿರಿಗೆ, ಹಳದಿಯದು ಬಾವಿಗೆ' ಎಂದು ಗುರುತಿಟ್ಟುಕೊಂಡ ಲೆಕ್ಕ ಹೊಸ ಗುಳಿಗೆ ಬಂದೊಡನೆ ಕೆಡುತ್ತದೆ. ತಲೆ ತಿರುಗಿದರೆ ಯಾವ ಔಷಧದಿಂದ ಎಂದು ತಿಳಿಯದು. ಒಂದನ್ನು ಮರೆತರೆ ನಾಲ್ಕನ್ನೂ ಮರೆತಂತೆ. ಗುಳಿಗೆ ದೊಡ್ಡದಾಗಿ ಗಂಟಲಲ್ಲಿ ಸಿಕ್ಕೀತೆಂಬ ಭಯವೂ ಇದೆ. ಬೆಲೆಯ ವಿಷಯ ಎರಡೂ ಕಡೆ ವಾಲುತ್ತದೆ, ಕೆಲವು ಜೋಡಿ ಗುಳಿಗೆಗಳು ಬಿಡಿಬಿಡಿಯಾಗಿ ಕೊಂಡದ್ದಕ್ಕಿಂತ ಅಗ್ಗ, ಕೆಲವು ದುಬಾರಿ. ಜನೌಷಧಿ ಅಂಗಡಿಯಲ್ಲಿ ಬಿಡಿ ಗುಳಿಗೆ ಸಿಕ್ಕಿ ಅದರ ಜೋಡಿ ಸಿಗದಿರುವುದೂ ಉಂಟು.

ಎಲ್ಲಕ್ಕಿಂತ ನನ್ನ ಗಮನ ಸೆಳೆದದ್ದು ಬಸ್ಸಿನ ವಿಷಯ. ಸಿರ್ಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವ ದಿನ ನೀರಿನ ಗುಳಿಗೆ ನುಂಗಿದರೆ ನಡುದಾರಿಯಲ್ಲಿ ಮೂತ್ರಕ್ಕೆ ಎಲ್ಲಿ ಹೋಗುವುದು? ಹೆಂಗಸರ ಕಷ್ಟವನ್ನಂತೂ ಹೇಳುವಂತಿಲ್ಲ. ಆದ್ದರಿಂದ ಪ್ರಯಾಣದ ದಿನ ಆ ಗುಳಿಗೆಯನ್ನು ಬಿಡುವುದು ಅಲಿಖಿತ ನಿಯಮವಾಗಿಬಿಟ್ಟಿದೆ. ಟಾರ್ಸೆಮೈಡ್ ಒಂದೇ ಇದ್ದರೆ ವೈದ್ಯರ ಒಪ್ಪಿಗೆ ಪಡೆದು ಊರು ಮುಟ್ಟಿದ ಮೇಲೆ, ಮಧ್ಯಾಹ್ನ ನುಂಗಬಹುದು. ಆದರೆ ಚೀಟಿಯಲ್ಲಿರುವುದು ಟಾರ್ಸೆಮೈಡ್-ಸ್ಪೈರೊನೊಲ್ಯಾಕ್ಟೋನ್ ಜೋಡಿಯಾಗಿದ್ದರೆ, ನೀರಿನ ಗುಳಿಗೆ ಬಿಟ್ಟೆನೆಂದುಕೊಂಡವರು ಹೃದಯ ಕಾಯುವ ಔಷಧವನ್ನೂ ಬಿಟ್ಟಿರುತ್ತಾರೆ. ತಪಾಸಣೆಗೆಂದು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾಗಳಿಗೆ ಬಸ್ಸು ಹತ್ತಲೇಬೇಕಾದ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ.

ಒಂದೇ ಔಷಧ ಎರಡು ಸಲ ಹೊಟ್ಟೆ ಸೇರಿದರೆ

ಹೀಗೆ ಹಲವು ಊರುಗಳಲ್ಲಿ ಹಲವು ವೈದ್ಯರನ್ನು ಕಂಡಾಗ ಹೊಸ ಚೀಟಿಯಲ್ಲಿ ಜೋಡಿ ಗುಳಿಗೆ ಬರುತ್ತದೆ, ಹಳೆಯ ಬಿಡಿ ಗುಳಿಗೆಯ ಪಟ್ಟಿ ಮನೆಯಲ್ಲೇ ಉಳಿದಿರುತ್ತದೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಔಷಧ ಒಂದೇ. ಎರಡನ್ನೂ ನುಂಗುತ್ತ ಹೋದರೆ ಸ್ಪೈರೊನೊಲ್ಯಾಕ್ಟೋನ್ ಎರಡು ಪಟ್ಟಾಗಿ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಅದು ಮಿತಿಮೀರಿದರೆ ಹೃದಯದ ಲಯವೇ ತಪ್ಪುತ್ತದೆ. ಈ ಔಷಧ ಆರಂಭಿಸಿದ ಮೊದಲ ವಾರಗಳಲ್ಲೇ ಪೊಟ್ಯಾಸಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಲು ಹೇಳುವುದು ಇದಕ್ಕಾಗಿಯೇ.

ಉಪ್ಪಿನ ಮಾತೂ ಇಲ್ಲಿಯೇ ಬರುತ್ತದೆ. ಸಾಣಿಕಟ್ಟೆಯ ಉಪ್ಪು, ಅಪ್ಪೆಮಿಡಿ ಉಪ್ಪಿನಕಾಯಿ, ಒಣಮೀನು ಇವನ್ನೆಲ್ಲ ಮಿತಿಗೊಳಿಸಬೇಕೆಂದು ರೋಗಿಗಳಿಗೆ ಗೊತ್ತು. ಆದರೆ ಬದಲಿಗೆ 'ಕಡಿಮೆ ಸೋಡಿಯಂ' ಉಪ್ಪು ಕೊಳ್ಳುವವರು, ಅದರಲ್ಲಿ ಸೋಡಿಯಂ ಜಾಗದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಸೇರಿರುತ್ತದೆ ಎಂಬುದನ್ನು ಗಮನಿಸಬೇಕು. ಸುಸ್ತಾಯಿತೆಂದು ದಿನವೂ ಎಳನೀರು ಕುಡಿಯುವ ಕರಾವಳಿಯ ರೂಢಿಯೂ ಪೊಟ್ಯಾಸಿಯಂ ಏರಿಸುತ್ತದೆ. ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಗುಳಿಗೆಗಳು ನೀರು ಹಿಡಿದಿಟ್ಟು ಹೃದಯ ವೈಫಲ್ಯವನ್ನು ಉಲ್ಬಣಗೊಳಿಸಬಲ್ಲವು.

ಇನ್ನೊಂದು ಜೋಡಿ ಎಂದಿಗೂ ಕೂಡಬಾರದು. ರಾಮಿಪ್ರಿಲ್, ಎನಲಾಪ್ರಿಲ್‌ನಂಥ ಔಷಧಗಳಿಂದ ಸಕುಬಿಟ್ರಿಲ್-ವಾಲ್ಸಾರ್ಟನ್‌ಗೆ ಬದಲಾಗುವಾಗ ನಡುವೆ 36 ಗಂಟೆಗಳ ಬಿಡುವು ಇರಬೇಕು. ಇಲ್ಲವಾದರೆ ಮುಖ, ನಾಲಿಗೆ, ಗಂಟಲು ಊದಿಕೊಂಡು ಉಸಿರು ಕಟ್ಟುವ ಅಪಾಯವಿದೆ. ಹಳೆಯ ಬಿಪಿ ಗುಳಿಗೆಯೇ ರಾಮಿಪ್ರಿಲ್ ಇರುವ ಜೋಡಿಯಾಗಿರಬಹುದು.

ವೈದ್ಯರಲ್ಲಿ ಕೇಳಬಹುದಾದದ್ದು

ಪ್ರಮಾಣ ಏರಿಸುವ ತಿಂಗಳುಗಳಲ್ಲಿ ಬಿಡಿ ಗುಳಿಗೆಗಳೇ ಅನುಕೂಲ, ಪ್ರಮಾಣ ನೆಲೆನಿಂತು ಬಿಪಿ, ನಾಡಿ, ರಕ್ತಪರೀಕ್ಷೆ ಸ್ಥಿರವಾದ ಮೇಲೆ ಸಂಯುಕ್ತ ಗುಳಿಗೆಯ ಮಾತೆತ್ತಲು ಸರಿಯಾದ ಹೊತ್ತು. ಆಗಲೂ 'ಒಂದೇ ಮಾಡಿಕೊಡಿ' ಎನ್ನುವುದಕ್ಕಿಂತ 'ನನ್ನ ಈಗಿನ ಪ್ರಮಾಣಕ್ಕೆ ಸರಿಯಾಗಿ ಯಾವ ಎರಡು ಸೇರಬಹುದು, ಹಾಗೆ ಸೇರಿದರೆ ಹಳೆಯ ಯಾವ ಪಟ್ಟಿಗಳನ್ನು ಬಿಡಬೇಕು' ಎಂದು ಕೇಳಿದರೆ ಉತ್ತರ ಖಚಿತವಾಗಿ ಸಿಗುತ್ತದೆ. ತಪಾಸಣೆಗೆ ಹೋಗುವಾಗ ಚೀಟಿಯ ಜೊತೆಗೆ ಮನೆಯಲ್ಲಿರುವ ಎಲ್ಲ ಪಟ್ಟಿಗಳನ್ನೂ, ಖಾಲಿಯಾದವನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು.

ವಾರದ ದಿನಗಳ ಹೆಸರು ಬರೆದ ಗುಳಿಗೆ ಡಬ್ಬಿ ಮರೆವಿಗೆ ಅಗ್ಗದ ಪರಿಹಾರ. ಕರಾವಳಿಯ ಮಳೆಗಾಲದಲ್ಲಿ ಮಾತ್ರ ಪಟ್ಟಿಯಿಂದ ಬಿಡಿಸಿಟ್ಟ ಗುಳಿಗೆ ತೇವ ಹೀರಿ ಕೆಡಬಹುದು. ಪಟ್ಟಿಯನ್ನೇ ಕತ್ತರಿಯಿಂದ ತುಂಡು ಮಾಡಿ, ಕವಚ ಹರಿಯದಂತೆ ಡಬ್ಬಿಯಲ್ಲಿಡುವುದು ಮೇಲು. ದಿನವೂ ಬೆಳಿಗ್ಗೆ ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಮೂರು ದಿನದಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ಅದು ಮೈಗೂಡಿದ ತೂಕವಲ್ಲ, ಸೇರಿದ ನೀರು, ವೈದ್ಯರಿಗೆ ಕೂಡಲೇ ತಿಳಿಸಬೇಕಾದ ಸಂಗತಿ.

ದೊಡ್ಡಮ್ಮ ಈ ಸಲದ ತಪಾಸಣೆಯಲ್ಲಿ ಬಸ್ಸಿನ ತಾಪತ್ರಯವನ್ನು ಬಾಯಿಬಿಟ್ಟು ಹೇಳಿದರು. ವೈದ್ಯರು ಟಾರ್ಸೆಮೈಡ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಜೋಡಿಯನ್ನು ಬಿಡಿಸಿ ಎರಡು ಗುಳಿಗೆಯಾಗಿ ಬರೆದುಕೊಟ್ಟರು. ಒಂದೇ ಗುಳಿಗೆ ಕೇಳಿದ ಅವರ ಡಬ್ಬಿಯಲ್ಲಿ 8 ಇದ್ದದ್ದು ಈಗ 9 ಆಗಿದೆ. ಕುಮಟೆಗೆ ಹೋಗುವ ದಿನ ಅವರು ನೀರಿನ ಗುಳಿಗೆಯೊಂದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಉಳಿದವನ್ನು ನುಂಗಿ ಬಸ್ಸು ಹತ್ತುತ್ತಾರೆ.